ಮಧ್ಯಾಹ್ನಕ್ಕೆ ಮನೆಗೆ ಬರುವ ಸೊಸೆ

ವೆನಿಲ್ಲಾಕ್ಕೆ ಬಂಗಾರದ ಬೆಲೆ ಬಂದ ವರ್ಷ ಅದು. ಕಳಸದ ಸುತ್ತಮುತ್ತ ಕಾಫಿಯ ಮಾತು ಹಿಂದೆ ಬಿದ್ದು, ಎಲ್ಲರ ಬಾಯಲ್ಲೂ ವೆನಿಲ್ಲಾ ಬಳ್ಳಿಯೇ. ಆದರೆ ಆ ಹೂವಿನ ಗತ್ತು ದೊಡ್ಡದು. ಬೆಳಿಗ್ಗೆ ಅರಳಿದರೆ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಯಾರಾದರೂ ಸಣ್ಣ ಕಡ್ಡಿ ಹಿಡಿದು, ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸಬೇಕು. ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ.

ಆ ಕೆಲಸದಲ್ಲಿ ಭಾಗಮ್ಮನ ಸೊಸೆ ಧನ್ಯಶ್ರೀಯದು ಎತ್ತಿದ ಕೈ. ಹೆರಿಗೆಯಾದ ಮೇಲೆ ಅವಳು ತೋಟದ ಕಡೆ ಹೋಗಿರಲಿಲ್ಲ. ಮಗಳಿಗೆ ಈಗ ಹತ್ತು ತಿಂಗಳು. ಹೂವು ಶುರುವಾಗಿದೆ, ಬೆಳಗಿನ ಹೊತ್ತು ಬಂದರೂ ಸಾಕು ಎಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಓಂಕಾರಮೂರ್ತಿ ಹೇಳಿ ಕಳಿಸಿದ್ದೇ ತಡ, ಧನ್ಯಶ್ರೀಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾಗಮ್ಮನಿಗೆ ಮಾತ್ರ ಮೈ ಉರಿಯಿತು. ಮಧ್ಯಾಹ್ನಕ್ಕೇ ತೋಟ ಬಿಟ್ಟು ಬರುವವರು ಕೈಲಾಗದ ಮುದುಕರು. ಎಸ್ಟೇಟಿನ ಲೈನ್‌ಮನೆಗಳ ಜನ ಅವರನ್ನು ‘ಅರ್ಧಾಳು’ ಎಂದು ಆಡಿಕೊಳ್ಳುತ್ತಿದ್ದರು. ತಾನೋ, ಕೂಸನ್ನು ಎಸ್ಟೇಟಿನ ಶಿಶುವಿಹಾರದಲ್ಲಿ ಬಿಟ್ಟು ಕತ್ತಲಾಗುವ ತನಕ ಕಾಫಿ ಕೊಯ್ದ ಗಟ್ಟಿ ಹೆಂಗಸು.

“ಹೋದ್ರೆ ಪೂರ್ತಿ ಹೋಗು, ಇಲ್ಲಾಂದ್ರೆ ಮಗು ನೋಡ್ಕಂಡು ಮನೇಲಿರು. ನನ್ ಸೊಸೆ ಅರ್ಧಾಳು ಅನ್ನಿಸ್ಕಳದು ಬೇಡ,” ಎಂದಳು.

ಧನ್ಯಶ್ರೀ ಪೆಚ್ಚಾದಳು. ಇಡೀ ದಿನ ಹೋದರೆ ಎದೆಹಾಲು ಕುಡಿಯುವ ಮಗುವಿನ ಗತಿ ಏನು? ಹೋಗದಿದ್ದರೆ, ಕಲಿತ ಕೆಲಸ ಇನ್ನೊಬ್ಬರ ಪಾಲು.

ಮಗುವಿನ ತೂಕ ನೋಡಲು ಬಂದ ಅಂಗನವಾಡಿ ಟೀಚರ್ ಕವನಾ ಇಬ್ಬರ ಮುಖವನ್ನೂ ನೋಡಿದರು. ವಿಷಯ ಕೇಳಿ ನಕ್ಕೇಬಿಟ್ಟರು.

“ಭಾಗಕ್ಕ, ಮಧ್ಯಾಹ್ನಕ್ಕೆ ಹೂವೇ ಮುಚ್ಚಿಹೋಗುತ್ತಲ್ಲ. ಆಮೇಲೆ ಇವಳು ಅಲ್ಲಿ ಕೂತು ಏನ್ ಮಾಡ್ಬೇಕು ಹೇಳಿ?”

ಹೋಗುವ ಮುಂಚೆ ಹಾಲು ಕುಡಿಸಲಿ, ನಡುವೆ ನೀವು ರಾಗಿ ಸರಿ ತಿನ್ನಿಸಿ, ಬಂದ ಮೇಲೆ ಮತ್ತೆ ಎದೆಹಾಲು ಕೊಡಲಿ ಎಂದು ಕವನಾ ಬಿಡಿಸಿ ಹೇಳಿದರು. ನೀರು ಹೊರುವ ಕೆಲಸ ಇನ್ನು ನಿಮ್ಮ ಮಗ ಅರುಣನದು, ಇಲ್ಲದಿದ್ದರೆ ಮಧ್ಯಾಹ್ನ ಬಂದವಳಿಗೆ ಮನೆಯಲ್ಲಿ ಇನ್ನೊಂದು ದಿನಗೂಲಿ ಕಾದಿರುತ್ತದೆ ಎಂದೂ ಸೇರಿಸಿದರು. ಬಾಗಿಲಲ್ಲೇ ನಿಂತಿದ್ದ ಅರುಣ ತಲೆ ಕೆರೆದುಕೊಂಡು ಒಪ್ಪಿದ. ಆಗಲಿ ನೋಡೋಣ ಎಂದಳು ಭಾಗಮ್ಮ. ಸೋತು ಬರಲಿ ಎಂಬ ಆಸೆ ಒಳಗೊಳಗೇ ಇತ್ತು.

ಮೊದಲ ದಿನವೇ ಮಗು ರಾಗಿ ಸರಿಯನ್ನು ಅಜ್ಜಿಯ ಸೀರೆಗೆ ಉಗಿದು ರಂಪ ಮಾಡಿತು. ಸಿಕ್ಕಿತಲ್ಲ ನೆವ ಎಂದುಕೊಂಡು ಭಾಗಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತೋಟಕ್ಕೆ ದಾಪುಗಾಲು ಹಾಕಿದಳು.

ಅಲ್ಲಿ ಬಳ್ಳಿಗಳ ತುಂಬ ಹೂವು. ಧನ್ಯಶ್ರೀ ಬೆರಳಾಡಿಸಿದ ಕಡೆ ಒಂದು ಹೂವೂ ತಪ್ಪುತ್ತಿರಲಿಲ್ಲ. ಹೊಸಬರಿಬ್ಬರು ಹಿಂದೆಯೇ ನಡೆಯುತ್ತ ಕಲಿಯುತ್ತಿದ್ದರು. ಹೆರಿಗೆಯಾದ ಮೇಲೆ ಆ ಮುಖದಲ್ಲಿ ಅಂಥ ಕಳೆಯನ್ನು ಭಾಗಮ್ಮ ಕಂಡೇ ಇರಲಿಲ್ಲ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮಗು ಅಮ್ಮನನ್ನು ಕಂಡು ಅಜ್ಜಿಯ ಕೈಯಿಂದ ಹಾರಿತು. ಧನ್ಯಶ್ರೀ ನಗುತ್ತ ಎತ್ತಿಕೊಂಡು ಮರದ ಬುಡದಲ್ಲಿ ಕೂತು ಹಾಲು ಕುಡಿಸಿದಳು.

ಭಾಗಮ್ಮ ಅವಳ ಪಕ್ಕದಲ್ಲೇ ಕೂತಳು.

“ಅರುಣ ಹಿಂಗೆ ನನ್ ಹತ್ರ ಹಾರ್ಲಿಲ್ಲ ಕಣೆ. ಸಂಜೆ ನಾನ್ ಕರೆಯಕ್ಕೆ ಹೋದ್ರೆ ಆಯಾನ ಸೆರಗು ಬಿಡ್ತಿರ್ಲಿಲ್ಲ. ನಾನು ಯಾರೋ ಅನ್ನೋ ಹಂಗೆ ನೋಡೋನು.”

ಧನ್ಯಶ್ರೀ ಅತ್ತೆಯ ಕೈ ಹಿಡಿದಳು. ಭಾಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಾಳೆನೂ ಬಾ, ನಾಳಿದ್ದೂ ಬಾ. ಕೂಸು ನನ್ ಹತ್ರ ಇರ್ಲಿ. ಯಾರಾದ್ರೂ ಅರ್ಧಾಳು ಅಂದ್ರೆ ನನ್ ಮುಂದೆ ಬಂದು ಹೇಳಕ್ಕೆ ಹೇಳು.”

ಅಕ್ಕಂದಿರೇ, ಕೂಸಿದೆಯೆಂದು ಕೈಯಲ್ಲಿರುವ ಕಸುಬನ್ನು ಬಿಡಬೇಡಿ, ಕಸುಬಿದೆಯೆಂದು ಕೂಸಿನಿಂದ ದಿನವಿಡೀ ದೂರವಿರಬೇಡಿ. ಬೆಳಗಿನ ನಾಲ್ಕು ತಾಸಿನ ಕೆಲಸವೂ ಕೆಲಸವೇ. ನಿಮ್ಮ ರೈಟರನ್ನು ಕೇಳಿ, ಅಂಗನವಾಡಿ ಟೀಚರ್ ಜೊತೆ ಮಾತಾಡಿ, ಕೂಲಿ ನಿಮ್ಮ ಕೈಗೇ ತೆಗೆದುಕೊಳ್ಳಿ. ಅಣ್ಣಂದಿರೇ, ಬಿಂದಿಗೆ ಹೊರಿ. ಅತ್ತೆಯಂದಿರೇ, ನಿಮಗೆ ಸಿಗದೆ ಹೋದದ್ದು ನಿಮ್ಮ ಸೊಸೆಗಾದರೂ ಸಿಗಲಿ.