ತೊಳೆಯದೆ ಹಾಕಿದ ಬಟ್ಟೆ

"ಏ ಸ್ತೋತ್ರ! ಆ ಬಾಗಿಲ ಕಡೆ ಏನೇ ನೋಟ? ನಿಮ್ಮಪ್ಪ ಕೂತಿದಾನೇನೇ ಒಳಗೆ? ಗಂಟು ಬಿಚ್ಚೇ, ದರಿದ್ರದವಳೇ!"

ಲಾಂಡ್ರಿಯ ಮೇಸ್ತ್ರಿ ಮೂಗಿಗೆ ಬಟ್ಟೆ ಬಿಗಿದು, ಕೈಗೆ ಗ್ಲೌಸ್ ಹಾಕಿಕೊಂಡು ದೂರದಿಂದಲೇ ಕಿರುಚಿದ. ಅವಳು ಬರಿಗೈಯಲ್ಲಿ ಆಸ್ಪತ್ರೆಯ ಗಂಟು ಬಿಚ್ಚಿದಳು. ಒಂದು ಹಾಸುಬಟ್ಟೆಯಲ್ಲಿ ರಕ್ತ, ಇನ್ನೊಂದರಲ್ಲಿ ವಾಂತಿ. ಎರಡನ್ನೂ ಬಟ್ಟೆ ಸೋಡಾ ಬೆರೆಸಿದ ನೀರು ಕುದಿಯುತ್ತಿದ್ದ ಹಂಡೆಗೆ ಹಾಕಿ ಕೋಲಿನಿಂದ ತಿರುವಿದಳು.

ಅವಳ ಹೆಸರು ಸ್ತೋತ್ರ ಅಲ್ಲ. ಹೊಟ್ಟೆ ತುಂಬಿದರೆ ಸ್ತೋತ್ರ, ಬಿಸಿಲು ಬಂದು ಬಟ್ಟೆ ಒಣಗಿದರೆ ಸ್ತೋತ್ರ, ಮಗಳ ನೆಗಡಿ ಇಳಿದರೂ ಸ್ತೋತ್ರ ಅನ್ನುತ್ತಾಳೆಂದು ಲಾಂಡ್ರಿಯವರು ಹಾಗೆ ಕರೆಯುತ್ತಿದ್ದರು. ಹೆಸರಿಟ್ಟವಳು ಇಸ್ತ್ರಿಯವಳು. "ನಿನ್ನ ಯೇಸುಗೆ ನನ್ನ ಲೆಕ್ಕದಲ್ಲೂ ಒಂದು ಹೇಳ್ಬಿಡೇ, ಪುಕ್ಕಟೆ ತಾನೇ" ಎಂದು ಕಿಚಾಯಿಸುತ್ತಿದ್ದಳು.

ಅದೇ ಇಸ್ತ್ರಿಯವಳು ನಿನ್ನೆಯಿಂದ ಆ ಬಾಗಿಲ ಹಿಂದೆ, ಸೋಡಾ ಚೀಲ ಇಡುವ ಕೋಣೆಯಲ್ಲಿ ಬಿದ್ದಿದ್ದಳು. ಹೊರಗಿನಿಂದ ಚಿಲಕ. ಊರಿಗೆಲ್ಲ ಹಬ್ಬಿದ ಜ್ವರ ಈ ಗಂಟುಗಳಿಂದಲೇ ಅವಳಿಗೂ ಅಂಟಿತ್ತು. ಸುದ್ದಿ ಹೊರಗೆ ಹೋದರೆ ಲಾಂಡ್ರಿಗೆ ಬೀಗ ಬೀಳುತ್ತದೆಂದು ಧಣಿ ಡಾಕ್ಟರನ್ನು ಕರೆಸಿರಲಿಲ್ಲ. ಕೂಲಿ ಹೋಗುತ್ತದೆಂದು ಉಳಿದವರೂ ಬಾಯಿ ಬಿಟ್ಟಿರಲಿಲ್ಲ.

"ನೀರು ಕೊಡ್ರೇ... ಯಾರಾದ್ರೂ..." ಬೆಳಿಗ್ಗೆಯವರೆಗೆ ಕೂಗು ಕೇಳುತ್ತಿತ್ತು. ಈಗ ಅದೂ ಇರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಎದುರಂಗಡಿಯ ಫೋನಿನಿಂದ ಚರ್ಚಿನ ಅಯ್ಯನವರಿಗೆ ಫೋನ್ ಮಾಡಿದಳು.

"ಅಲ್ಲಿಂದಲೇ ಪ್ರಾರ್ಥನೆ ಮಾಡಮ್ಮ. ನಾವೂ ಗೇಟು ಹಾಕ್ಕೊಂಡೇ ಇದೀವಿ."

"ಕುಷ್ಠ ಆದವನನ್ನ ಯೇಸು ಕೈ ಚಾಚಿ ಮುಟ್ಟಿದ ಅಂತ ನೀವೇ ಹೇಳಿದ್ರಲ್ಲ ಅಯ್ಯನವರೇ?"

"ಆತ ದೇವರಲ್ವೇನಮ್ಮ. ನಿನಗೆ ಮಗು ಇದೆ."

ಹೌದು, ಮಗು ಇತ್ತು.

ಕೈಯನ್ನು ಸೋಪಿನಲ್ಲಿ ಉರಿಯುವವರೆಗೆ ತಿಕ್ಕಿ ತೊಳೆದು, ಲಾಂಡ್ರಿಯ ಹಿಂದೆ ಧಣಿ ಕೊಟ್ಟಿದ್ದ ಸಾಲುಮನೆಗೆ ಹೋದಳು. ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ಹೊತ್ತಲ್ಲದ ಹೊತ್ತಲ್ಲಿ ತಲೆ ಬಾಚುವುದನ್ನು ಕಂಡೇ, ಅವಳು ಸೋಡಾ ಕೋಣೆಗೆ ಹೊರಟಿದ್ದಾಳೆಂದು ಅತ್ತೆಗೆ ಅರ್ಥವಾಯಿತು.

"ಆ ಇಸ್ತ್ರಿ ಮುಂಡೆ ನಿನ್ನ ಅಣಕಿಸಿದ್ದು ಸಾಲದೇನೇ? ಅವಳಿಗೋಸ್ಕರ ಈ ಕೂಸನ್ನ ತಬ್ಬಲಿ ಮಾಡ್ತೀಯಾ?"

"ನನಗೂ ಹೆದರಿಕೆ ಇದೆ ಅತ್ತೆ."

"ಮತ್ತೆ ಸುಮ್ನೆ ಬಿದ್ದಿರೇ ಮನೇಲಿ!"

"ಬಿದ್ದಿದ್ರೆ ನಾಳೆಯಿಂದ ಯಾವ ಬಾಯಲ್ಲಿ ಸ್ತೋತ್ರ ಅನ್ಲಿ?"

ಒಂದು ಜಡೆ ಮುಗಿಯಿತು. ಇನ್ನೊಂದಕ್ಕೆ ಕೈ ಹಾಕಿದರೆ ತನಗೆ ಕಾಲು ಏಳುವುದಿಲ್ಲ ಅನ್ನಿಸಿತು. "ಅದನ್ನ ಬಂದು ಹಾಕ್ತೀನಿ ಬಂಗಾರ" ಎಂದು ಎದ್ದಳು.

ಬಿಸಿನೀರಿನ ಬಕೆಟ್ಟು, ಮಡಿಚಿಟ್ಟಿದ್ದ ಒಂದು ಬಿಳಿ ಹಾಸು ಹಿಡಿದು ಬಂದವಳನ್ನು ಕಂಡು ಮೇಸ್ತ್ರಿ ಹಿಂದೆ ಸರಿದ.

"ಒಳಗೆ ಕಾಲಿಟ್ಟೆಯೋ, ಚಿಲಕ ಹಾಕ್ಬಿಡ್ತೀನಿ. ಅವಳ ಜೊತೇಲೇ ಸಾಯಿ!"

"ಹಾಕು."

ಇಷ್ಟು ವರ್ಷದಲ್ಲಿ ಅವಳು ಅವನಿಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು.

ಅವಳ ಹಿಂದೆಯೇ ಚಿಲಕ ಬಿತ್ತು. ಒಳಗೆ ಇಸ್ತ್ರಿಯವಳು ಸೋಡಾ ಚೀಲಗಳ ನಡುವೆ, ಆಸ್ಪತ್ರೆಯದೇ ಒಂದು ಹಾಸಿನ ಮೇಲೆ ತನ್ನ ರಕ್ತ, ವಾಂತಿಯಲ್ಲೇ ಮಲಗಿದ್ದಳು. ಮೈ ಕಾದ ಇಸ್ತ್ರಿ ಪೆಟ್ಟಿಗೆಯ ಹಾಗಿತ್ತು. ಅವಳ ಮುಖ ಒರೆಸಿ, ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಹನಿ ಹನಿ ನೀರು ಬಿಟ್ಟಳು.

"ಬಂದ್ಯೇನೇ, ಹುಚ್ಚಿ... ನನಗೆ ನಿನ್ನ ಯೇಸು ಪರಿಚಯಾನೇ ಇಲ್ವಲ್ಲೇ."

"ಅವನು ಪರಿಚಯ ಕೇಳಲ್ಲ. ನೀರು ಕುಡಿ."

ಇಸ್ತ್ರಿಯವಳು ನಗಲು ಹೋಗಿ ಕೆಮ್ಮಿದಳು. ಮೈ ತೊಳೆದು ಹಾಸು ಬದಲಿಸಿದ್ದಾಯಿತು. ಆದರೆ ಉಸಿರು ಗೊರಗೊರ ಅನ್ನತೊಡಗಿತು. ಇದಕ್ಕೆ ಡಾಕ್ಟರೇ ಬೇಕು. ಅವಳು ಬಾಗಿಲು ಬಡಿದಳು, ಕೂಗಿದಳು. ಯಾರೂ ಓಗೊಡಲಿಲ್ಲ.

ಆಗ ಇಸ್ತ್ರಿಯವಳ ಮೈಕೆಳಗಿನಿಂದ ತೆಗೆದಿದ್ದ ಹಾಸನ್ನು ಎತ್ತಿಕೊಂಡಳು. ಒಂದು ತುದಿಯಲ್ಲಿ ಆಸ್ಪತ್ರೆಯ ಮುದ್ರೆ, ನಡುವೆ ರಕ್ತ. ಸೋಡಾ ಚೀಲದ ಮೇಲೆ ಹತ್ತಿ, ಬೀದಿ ಕಡೆಯ ಎತ್ತರದ ಗವಾಕ್ಷಿಯ ಕಂಬಿಗೆ ಅದನ್ನು ಕಟ್ಟಿ ಹೊರಗೆ ಇಳಿಬಿಟ್ಟಳು. ಅವಳು ಹುಟ್ಟಿದ ಮೇಲೆ ತೊಳೆಯದೆ ಒಣಹಾಕಿದ್ದು ಅದೊಂದೇ ಬಟ್ಟೆ.

"ಒಳಗೆ ಹೆಂಗಸು ಸಾಯ್ತಿದಾಳೆ! ಡಾಕ್ಟರನ್ನ ಕರೀರಪ್ಪೋ!"

ಬೀದಿಯಲ್ಲಿ ಒಂದು ಸೈಕಲ್ಲು ನಿಂತ ಸದ್ದು. ಆಮೇಲೆ ಮಾತು, ಗುಜುಗುಜು. ಹಿಂದೆಯೇ ಬಾಗಿಲಿಗೆ ಮೇಸ್ತ್ರಿಯ ಒದೆತ.

"ಬಟ್ಟೆ ಎಳ್ಕೊಳ್ಳೇ ಬೋಳಿ! ಎಲ್ಲರ ಅನ್ನಕ್ಕೂ ಕಲ್ಲು ಹಾಕ್ತೀಯೇನೇ!"

ಅವಳು ಇಸ್ತ್ರಿಯವಳ ಅಂಗೈ ಉಜ್ಜುತ್ತಾ ಕೂತಳು. ಹೊರಗೆ ಹೆಜ್ಜೆಗಳು ದೂರ ಹೋದವು. ಮತ್ತೆ ಬಂದದ್ದು ಮೇಸ್ತ್ರಿಯ ದನಿಯೇ, ಆದರೆ ಬೆಣ್ಣೆಯಂಥ ದನಿ.

"ನೋಡು, ಯಾರನ್ನ ಕರ್ಕೊಂಡು ಬಂದಿದೀನಿ. ಬಟ್ಟೆ ಒಳಗೆ ಎಳ್ಕೋ, ಈಗಲೇ ಚಿಲಕ ತೆಗೀತೀನಿ. ಇಲ್ಲಾಂದ್ರೆ ಅಜ್ಜಿ ಮೊಮ್ಮಗಳು ಇವತ್ತೇ ಬೀದಿಗೆ."

"ಅಮ್ಮಾ," ಎಂದಿತು ಮಗು. "ಇನ್ನೊಂದು ಜಡೆ?"

ಅವಳು ಮಂಡಿಯೂರಿ ಬಾಗಿಲ ಬಳಿ ತೆವಳಿದಳು. ಬಾಗಿಲಡಿಯ ಸಂದಿನಿಂದ ನಾಲ್ಕು ಪುಟ್ಟ ಬೆರಳು ಒಳಗೆ ಬಂದವು.

"ಬೆರಳು ಹಿಡ್ಕೋ ಅಮ್ಮಾ."

ಅವಳ ಕೈ ತಾನಾಗಿಯೇ ಮುಂದೆ ಹೋಯಿತು. ಇಸ್ತ್ರಿಯವಳ ಬೆವರು ಅದರ ಮೇಲಿನ್ನೂ ಆರಿರಲಿಲ್ಲ. ಗಕ್ಕನೆ ಹಿಂದಕ್ಕೆಳೆದು ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡಳು. ಸ್ತೋತ್ರ ಅನ್ನಲು ಬಾಯಿ ತೆರೆದಳು. ದನಿ ಬರಲಿಲ್ಲ.

"ಅಮ್ಮಾ, ಇದೀಯಾ?"

ಮೇಲೆ ಕಂಬಿಯಲ್ಲಿ ಅವಳು ಬಿಚ್ಚದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೆರಳುಗಳು ನೆಲವನ್ನು ತಡಕಾಡುತ್ತಲೇ ಇದ್ದವು.