ಮೂರು ಸುತ್ತಿನ ಗಂಟು

ತಮ್ಮ ಇವತ್ತೂ ಬ್ರೆಡ್ಡಿನ ಗಟ್ಟಿ ಅಂಚು ಕತ್ತರಿಸಿ ತೆಗೆದು, ಮೆತ್ತಗಿನದನ್ನಷ್ಟೇ ಅವಳ ತಟ್ಟೆಗೆ ಹಾಕಿದ್ದ. ಅವಳು ಅದನ್ನು ಮುಟ್ಟದೆ ತಟ್ಟೆ ಪಕ್ಕಕ್ಕೆ ಸರಿಸಿದಳು.

ಅಪ್ಪ ಸತ್ತ ಈ ಹನ್ನೊಂದು ದಿನಗಳಲ್ಲಿ ಹುಡುಗ ಇದ್ದಕ್ಕಿದ್ದಂತೆ ಒಳ್ಳೆಯವನಾಗಿಬಿಟ್ಟಿದ್ದ. ಅವಳ ಶೂ ಒರೆಸಿಡುತ್ತಿದ್ದ, ಕಾಲೇಜಿನ ಚೀಲ ಹೊತ್ತು ಕೆಳಗಿಳಿಸಿಕೊಡುತ್ತಿದ್ದ. ಹದಿನಾಲ್ಕು ವರ್ಷದ ಕೊಲೆಗಾರನ ಕೈ ಇಷ್ಟು ಮೃದುವಾಗಿರುತ್ತದೆಯೆ?

ಮನೆ ಮೇಲೆ, ಹೊಲಿಗೆ ಅಂಗಡಿ ಕೆಳಗೆ, ನಡುವೆ ಹತ್ತೊಂಬತ್ತು ಮೆಟ್ಟಿಲು. ಅಂದು ಬೆಳಿಗ್ಗೆ ಅಪ್ಪ ಅಷ್ಟನ್ನೂ ಒಂದೇ ಸಲಕ್ಕೆ ಇಳಿದುಬಿಟ್ಟಿದ್ದ. ಮೊದಲು ಓಡಿಬಂದವಳು ಅವಳೇ. ಮೇಲಿನ ಮೆಟ್ಟಿಲ ಕಂಬಿಯಲ್ಲಿ, ಕಾಲಿಗೆ ಅಡ್ಡ ಬರುವ ಎತ್ತರದಲ್ಲಿ, ಕಪ್ಪು ದಾರದ ತುಂಡು ನೇತಾಡುತ್ತಿತ್ತು. ಮೂರು ಸುತ್ತು ಸುತ್ತಿ ಒಳಗಿನಿಂದ ಎಳೆದ ಗಂಟು. ಅಪ್ಪ ಮನೆಯಲ್ಲಿ ಮೂವರಿಗೂ ಕಲಿಸಿದ್ದ ಗಂಟು; ಬೇರೆ ಯಾರಿಗೂ ಬಾರದು. ಹಿಂದಿನ ಸಂಜೆಯಷ್ಟೇ ಅಪ್ಪನ ಅಳತೆಕೋಲು ತಮ್ಮನ ಬೆನ್ನ ಮೇಲೆ ಮುರಿದಿತ್ತು.

ಅವಳು ಯೋಚಿಸಲಿಲ್ಲ, ಕತ್ತರಿ ತಂದಳು. ಪೊಲೀಸರು ಬರುವಷ್ಟರಲ್ಲಿ ದಾರ ಅವಳ ಪೆನ್ಸಿಲ್ ಡಬ್ಬಿಯಲ್ಲಿತ್ತು.

ಇವತ್ತು ಹತ್ತು ಗಂಟೆಗೆ ಠಾಣೆಯಲ್ಲಿ ಹೇಳಿಕೆಗೆ ಸಹಿ. ಕಾಲು ಜಾರಿತು ಎಂದರೆ ಮುಗಿಯಿತು. ನಿಜ ಹೇಳಿದರೆ ತಮ್ಮನನ್ನು ಕರೆದೊಯ್ಯುತ್ತಾರೆ.

"ಏನಂತ ಹೇಳ್ತೀಯಾ ಅಕ್ಕ?"

"ನಿಂಗ್ಯಾಕೋ?"

"ಸುಮ್ನೆ ಕೇಳ್ದೆ."

ಅವನು ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ಜಾರಿ ಬಿದ್ರು ಅಂತ್ಲೇ ಹೇಳು. ನೀನು ದಾರ ಕತ್ತರಿಸಿದ್ದನ್ನ ನೋಡಿದೀನಿ. ಪ್ರಾಣ ಹೋದ್ರೂ ಬಾಯಿ ಬಿಡಲ್ಲ. ನನಗೋಸ್ಕರ ತಾನೆ ನೀನು ಹಾಗೆ ಮಾಡಿದ್ದು?"

ಅವಳು ಅವನ ಮುಖ ನೋಡಿದಳು. ಅಲ್ಲಿ ಸುಳ್ಳಿರಲಿಲ್ಲ, ಹೆದರಿಕೆ ಇತ್ತು. ಅವಳನ್ನು ಕಂಡೇ ಆದ ಹೆದರಿಕೆ. ಒರೆಸಿದ ಶೂ, ಅಂಚಿಲ್ಲದ ಬ್ರೆಡ್ಡು, ಎಲ್ಲವೂ ಒಬ್ಬ ಕೊಲೆಗಾರ್ತಿಗೆ ನಡೆದ ಉಪಚಾರ.

"ನಾನಲ್ಲ ಕಣೋ. ನೀನೇ ಅಂತ..."

"ನಾನಾ?"

ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆಗಳು, ಆತುರವಿಲ್ಲದ ಹೆಜ್ಜೆಗಳು.

"ಕಾಲರ್ ಗುಂಡಿ ಸಡಿಲ ಆಗಿದೆಯಲ್ಲೇ. ಹೀಗೇ ಹೋಗ್ತೀಯಾ ಠಾಣೆಗೆ? ನಾಲ್ಕು ಜನ ಏನಂದಾರು? ಬಾ ಇಲ್ಲಿ," ಎಂದಳು ಅಮ್ಮ.

ಅಂಗಿ ಬಿಚ್ಚಿಸದೆ, ಮೈಮೇಲೆಯೇ ಹೊಲಿಯತೊಡಗಿದಳು. ತಮ್ಮ ಗೋಡೆಗೆ ಅಂಟಿ ನಿಂತ. ಸೂಜಿ ಗಂಟಲ ಕುಳಿಯ ಬಳಿ ಹೋಗಿ ಬರುತ್ತಿತ್ತು. ದಾರ ಒಂದು ಸುತ್ತು ಸುತ್ತಿತು. ಎರಡು. ಮೂರು. ಅಮ್ಮ ಅದನ್ನು ಒಳಗಿನಿಂದ ಎಳೆದಳು.

"ಅಲ್ಲಾಡ್ಬೇಡ್ವೇ ಪುಟ್ಟಿ, ಚುಚ್ಚೀತು."

ಕಪ್ಪು ದಾರವನ್ನು ಕಡಿಯಲು ಅಮ್ಮ ಬಾಯಿ ತೆರೆದು ಅವಳ ಕೊರಳಿನತ್ತ ಬಾಗಿದಳು.