ಗುಂಯ್ ಎನ್ನದ ಗಿಟಾರ್

ನಮ್ಮ ಬ್ಯಾಂಡಿಗಾಗಿ ವರ್ಷಗಟ್ಟಲೆ ಸೌಂಡ್ ಮಿಕ್ಸರ್ ಮುಂದೆ ಕೂತವನು ನಮ್ಮಣ್ಣ. ಹೊಸ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವಾಗ ನಮ್ಮಿಬ್ಬರದು ಒಂದು ಪದ್ಧತಿ: ಬೆರಳು ಓಡಿಸುವ ಕತ್ತು, ಅಂದರೆ ನೆಕ್, ಕೈಗೆ ಹೊಂದುತ್ತದೋ ಇಲ್ಲವೋ ಎಂಬುದು ನನ್ನ ತೀರ್ಮಾನ, ತಂತಿಯ ಸದ್ದು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್‌ಗಳ ನಾದ ಅವನದು. ಯಾವುದನ್ನು ಬಾರಿಸುತ್ತಿದ್ದೇನೆಂದು ಕಾಣದಂತೆ ಅವನು ಗೋಡೆಗೆ ಮುಖ ಮಾಡಿ ನಿಲ್ಲಬೇಕು.

ಅಂಗಡಿಯವನು ಸೊಂಟ ಓರೆಯಾದ ಎರಡು ಆಫ್‌ಸೆಟ್ ಗಿಟಾರ್ ಇಳಿಸಿಕೊಟ್ಟ. ಮೊದಲನೆಯದರ ನೆಕ್ ಒನಕೆಯಂತೆ ದಪ್ಪ. ಹೆಬ್ಬೆರಳು ಸುತ್ತಿ ಬರಲೊಲ್ಲದು. ಆದರೂ ಆಂಪ್ಲಿಫೈಯರಿನ ಕೇಬಲ್ ಚುಚ್ಚಿ ಬಾರಿಸಿದೆ.

“ಪಿಕಪ್ ಗುಂಯ್ ಅನ್ನತ್ತೆ, ಬೇಡ!” ಅಣ್ಣ ಗೋಡೆಗೇ ಕೂಗಿದ. ಈಚೆಗೆ ಅವನ ಮಾತೆಲ್ಲ ಕೂಗೇ. ಹಿಂದಿನಿಂದ ಕರೆದರೆ ತಿರುಗುವುದೂ ಇಲ್ಲ. ಕೊಬ್ಬು ಎಂದುಕೊಂಡಿದ್ದೆ.

ಎರಡನೆಯದನ್ನು ಎತ್ತಿಕೊಂಡೆ. ತೆಳು ನೆಕ್, ಹಿಂಬದಿ ರೇಷ್ಮೆಯ ನುಣುಪು. ಆಸೆ ತಡೆಯದೆ ಬಾರಿಸಿಯೇಬಿಟ್ಟೆ.

“ಇದು ನೋಡು!” ಅಣ್ಣನ ದನಿ ಅರಳಿತು. “ಒಂಚೂರೂ ಗುಂಯ್ ಅನ್ನಲ್ಲ. ಎಂಥಾ ತುಂಬಿದ ನಾದ! ಕಣ್ಮುಚ್ಕೊಂಡು ತಗೋ.”

ಆಗ ನೋಡಿದೆ: ಕೇಬಲ್ ಇನ್ನೂ ಮೊದಲನೆಯ ಗಿಟಾರಿನಲ್ಲೇ ಇತ್ತು. ನನ್ನ ಕೈಯಲ್ಲಿದ್ದುದರ ಸದ್ದು ನನ್ನ ಮಡಿಲನ್ನೇ ದಾಟಿರಲಿಲ್ಲ.

ಅಂಗಡಿಯವನು ಬಾಯಿ ತೆರೆದ. ಕಣ್ಣಲ್ಲೇ ಗದರಿಸಿದೆ.

“ಅಣ್ಣಾ,” ಎಂದೆ. ಮತ್ತೆ ಜೋರಾಗಿ, “ಅಣ್ಣಾ!”

ಅವನು ತಿರುಗಲಿಲ್ಲ. ನನ್ನ ಕೈ ತಂತಿಗಳ ಮೇಲೆ ಸುಮ್ಮನೆ ಬಿದ್ದಿತ್ತು. ಗೋಡೆಯತ್ತ ನಿಂತ ಅಣ್ಣನ ಕಾಲು ಮಾತ್ರ, ನಾನಿನ್ನೂ ಬಾರಿಸುತ್ತಿದ್ದೇನೆಂದೇ ನಂಬಿ, ತಾಳ ಹಾಕುತ್ತಲೇ ಇತ್ತು.